ಮೂರನೇ ಮಹಡಿಯ ಗಾಜಿನಲ್ಲಿ ಗೆರೆ ಉಳಿಯದಂತೆ ತೊಳೆಯುವುದು ಹೇಗೆ?

ಬೆಂಗಳೂರಿನಲ್ಲಿ ಈಗ 30-40ರ ಸೈಟಿನಲ್ಲೂ ಮೂರು ಮಹಡಿ ಏಳುತ್ತದೆ. ಮೆಟ್ಟಿಲ ಪಕ್ಕದಲ್ಲಿ ಕೆಳಗಿನಿಂದ ಟೆರೇಸಿನವರೆಗೆ ಉದ್ದಕ್ಕೂ ಗಾಜು ಹಾಕಿಸುತ್ತಾರೆ. ಗೃಹಪ್ರವೇಶದ ದಿನ ನೋಡಲು ಬಲು ಚೆಂದ. ಆಮೇಲೆ ದೀಪಾವಳಿಗೋ ಯುಗಾದಿಗೋ ಯಾರನ್ನೋ ಕರೆಸಿ, ಪೈಪು ಬಿಡಿಸಿ ತೊಳೆಸುತ್ತಾರೆ. ಒದ್ದೆ ಇರುವಾಗ ಗಾಜು ಫಳಫಳ ಹೊಳೆಯುತ್ತದೆ. ಮಾರನೇ ದಿನ ಬಿಸಿಲು ಬಿದ್ದಾಗ ನೋಡಿದರೆ ಮೇಲಿನಿಂದ ಕೆಳಗೆ ಬಿಳಿ ಗೆರೆ, ನಡುನಡುವೆ ಚುಕ್ಕೆ.

ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ನನಗೂ ಹೀಗೇ ಆಯಿತು. ಒಂದು ಮನೆಯ ಮೆಟ್ಟಿಲ ಗಾಜನ್ನು ಅರ್ಧ ದಿನ ತೊಳೆದು ಬಂದಿದ್ದೆ. ಮರುದಿನ ಮನೆಯ ಅಮ್ಮ ಫೋನ್ ಮಾಡಿ, ‘ಮೊದಲೇ ಚೆನ್ನಾಗಿತ್ತಲ್ಲಪ್ಪಾ’ ಎಂದರು. ಮತ್ತೆ ಹೋದೆ. ಅದೇ ಸಂಪಿನ ನೀರಿನಲ್ಲಿ ಇನ್ನೂ ಜೋರಾಗಿ ಉಜ್ಜಿದೆ. ಒಣಗಿದ ಮೇಲೆ ಅದೇ ಗೆರೆ. ಸಂಪಿನಲ್ಲಿದ್ದದ್ದು ಟ್ಯಾಂಕರಿನ ಬೋರ್ ನೀರು. ಗಾಜಿನ ಮೇಲೆ ಕುಳಿತಿದ್ದ ಬಿಳಿ ಅದರದ್ದೇ ಎಂದು ಅರ್ಥವಾಗಲು ಆಗ ತಿಂಗಳುಗಳೇ ಹಿಡಿದವು. ಅಂದಿನಿಂದ ಯಾವ ಮನೆಗೆ ಹೋದರೂ ನಾನು ಮೊದಲು ನೋಡುವುದು ನೀರನ್ನು. ಗಾಜು ಆಮೇಲೆ.

ಮೊದಲು ನೀರನ್ನು ಅಳೆಯಿರಿ

ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಲವಣಗಳು ಕರಗಿರುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಹೋಗುವುದಿಲ್ಲ. ಗೀಸರಿನ ಕಾಯಿಲ್ ಮೇಲೆ ಬಿಳಿ ಹೊಪ್ಪಳೆ ಕಟ್ಟುತ್ತದೆ ಅಲ್ವಾ? ಗಾಜಿನ ಮೇಲೆ ಕೂರುವುದೂ ಅದೇ ಜಾತಿಯದು. ಲೆಕ್ಕ ಸುಲಭ. ನೀರಿನ ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿದ ಲವಣದ ಒಟ್ಟು ಅಳತೆ, 500 ಮಿಲಿಗ್ರಾಂ ಇದ್ದರೆ, ಒಂದು ಲೀಟರ್ ಒಣಗಿದಾಗ ಅರ್ಧ ಗ್ರಾಂ ಪುಡಿ ಉಳಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳುವ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ. ಅಂದರೆ ಕುಡಿಯಲು ಅಡ್ಡಿಯಿಲ್ಲದ ನೀರೂ ಗಾಜಿಗೆ ಆಗಿಬರುವುದಿಲ್ಲ.

ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಒಂದು ಲೋಟ ನೀರಿನಲ್ಲಿ ಅದ್ದಿ ನೋಡಿ. ತೊಳೆದು ಒರೆಸದೆ ಹಾಗೇ ಒಣಗಲು ಬಿಡುವುದಾದರೆ 10ಕ್ಕಿಂತ ಕಡಿಮೆ ಬರಬೇಕು. ಸೊನ್ನೆ ಬಂದರೆ ಇನ್ನೂ ಒಳ್ಳೆಯದು.

ಇಲ್ಲಿ ತುಂಬಾ ಜನ ಎಡವುತ್ತಾರೆ. ‘ನಮ್ಮ ಮನೆಯಲ್ಲಿ ಸಾಫ್ಟನರ್ ಇದೆ, ತೊಂದರೆ ಇಲ್ಲ’ ಎನ್ನುತ್ತಾರೆ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸೋಪು ನೊರೆ ಬರುತ್ತದೆ, ನಲ್ಲಿ ಕಟ್ಟಿಕೊಳ್ಳುವುದಿಲ್ಲ. ಆದರೆ ಕರಗಿದ ಲವಣದ ಒಟ್ಟು ಅಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಲೆ ಒರೆಸಿದರೆ ಸುಲಭವಾಗಿ ಹೋಗಬಹುದು, ಆದರೆ ಬೀಳುವುದಂತೂ ಬೀಳುತ್ತದೆ. ಅಡುಗೆಮನೆಯ ಆರ್‌ಒ ನೀರೂ ಸಾಲದು. ಅನೇಕ ಯಂತ್ರಗಳು ರುಚಿಗಾಗಿ ಸ್ವಲ್ಪ ಲವಣವನ್ನು ವಾಪಸ್ ಬೆರೆಸುತ್ತವೆ.

ಕೆಲಸಕ್ಕೆಂದೇ ನೀರು ತಯಾರಿಸುವವರು ಎರಡು ಹಂತ ಇಟ್ಟುಕೊಳ್ಳುತ್ತಾರೆ. ಮೊದಲು ಆರ್‌ಒ, ಆಮೇಲೆ ಡಿಐ ರೆಸಿನ್ (ಉಳಿದ ಲವಣವನ್ನು ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳು) ತುಂಬಿದ ಸಿಲಿಂಡರ್. ಒಳ್ಳೆಯ ಆರ್‌ಒ ನೂರರಲ್ಲಿ 95 ಪಾಲು ಲವಣ ತೆಗೆಯುತ್ತದೆ. 600 ಇದ್ದದ್ದು 30ಕ್ಕೆ ಇಳಿಯುತ್ತದೆ. ಆ 30ನ್ನು ರೆಸಿನ್ ಸೊನ್ನೆಗೆ ತರುತ್ತದೆ. ಬೋರ್ ನೀರನ್ನು ನೇರವಾಗಿ ರೆಸಿನ್‌ಗೆ ಬಿಟ್ಟರೂ ಸೊನ್ನೆ ಬರುತ್ತದೆ, ಆದರೆ ರೆಸಿನ್ ಬೇಗ ಮುಗಿದು ದುಡ್ಡು ನೀರಿನಂತೆ ಹೋಗುತ್ತದೆ. ಆರ್‌ಒ ಹೊರಗೆ ಬಿಡುವ ನೀರನ್ನು ಚೆಲ್ಲಬೇಡಿ. ಕಾಂಪೌಂಡ್, ಪಾರ್ಕಿಂಗ್ ನೆಲ ತೊಳೆಯಲು ಇಟ್ಟುಕೊಳ್ಳಿ.

ಒಂದೇ ಮನೆಯ ಕೆಲಸವಾದರೆ ಇಷ್ಟೆಲ್ಲ ಬೇಡ. ಕೊನೆಯ ಜಾಲಾಡುವಿಕೆಗೆ ಮಾತ್ರ ಬ್ಯಾಟರಿ ನೀರಿನ ಕ್ಯಾನ್ ತಂದರೆ ಸಾಕು. ಮಳೆನೀರು ಹಿಡಿಯುವ ಮನೆಯಾದರೆ ಇನ್ನೂ ಅನುಕೂಲ. ಮೊದಲ ಮಳೆಯ ಧೂಳು ನೀರನ್ನು ಬಿಟ್ಟು ಆಮೇಲಿನದ್ದನ್ನು ಸೋಸಿ ಇಟ್ಟುಕೊಂಡರೆ, ಅದರ ಟಿಡಿಎಸ್ ಬೋರ್ ನೀರಿನ ಹತ್ತಿರವೂ ಬರುವುದಿಲ್ಲ. ಬಳಸುವ ಮುಂಚೆ ಅದನ್ನೂ ಮೀಟರಿನಲ್ಲಿ ನೋಡಿಬಿಡಿ.

ಸಜ್ಜಾದಿಂದ ಶುರು

ನೀರು ಸರಿಯಾದ ಮೇಲೂ ಗೆರೆ ಬಂದರೆ ಕಣ್ಣು ಮೇಲೆತ್ತಿ. ನಮ್ಮ ಕಡೆ ಕಿಟಕಿಯ ಮೇಲೆ ಸಜ್ಜಾ ಇರುತ್ತದೆ. ಅದರ ಮೇಲೆ ವರ್ಷಗಟ್ಟಲೆ ಧೂಳು, ಒಣಗಿದ ಎಲೆ, ಪಾರಿವಾಳದ ಹಿಕ್ಕೆ. ನೀವು ಗಾಜು ತೊಳೆಯುವಾಗ ಸಜ್ಜಾದ ಅಂಚು ಒದ್ದೆಯಾಗುತ್ತದೆ. ನೀವು ಕೆಳಗಿನ ಮಹಡಿಗೆ ಬಂದ ಮೇಲೆ ಅದು ತೊಟ್ಟಿಕ್ಕುತ್ತದೆ. ಹಾಗಾಗಿ ಟೆರೇಸಿನಿಂದ ಕೈಗೆ ಸಿಗುವ ಸಜ್ಜಾಗಳನ್ನು ಉದ್ದ ಕೋಲಿನ ಪೊರಕೆಯಿಂದ ಮೊದಲೇ ಗುಡಿಸಿಕೊಳ್ಳಿ. ಸಜ್ಜಾದ ಮೇಲೆ ಇಳಿದು ನಿಲ್ಲುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಿಸಿಲು ಮಳೆ ತಡೆಯಲು ಕಟ್ಟಿದ್ದು ಅದು, ಆಳು ನಿಲ್ಲಲು ಕಟ್ಟಿದ್ದಲ್ಲ.

ಆಮೇಲೆ ಸೊಳ್ಳೆ ಪರದೆ. ತೆಗೆಯಲು ಬಂದರೆ ತೆಗೆದು ಕೆಳಗೆ ತೊಳೆಯಿರಿ. ಆಮೇಲೆ ಗ್ರಿಲ್. ಆಮೇಲೆ ಫ್ರೇಮಿನ ಮೇಲಂಚು ಮತ್ತು ಗಾಜಿನ ಸುತ್ತ ಇರುವ ಕಪ್ಪು ರಬ್ಬರ್. ಈ ರಬ್ಬರಿನ ಸಂದಿನಲ್ಲಿ ನಿಂತ ಕೊಳೆಯೇ ಹತ್ತು ನಿಮಿಷ ಬಿಟ್ಟು ನಿಧಾನವಾಗಿ ಇಳಿಯುವುದು. ಬ್ರಶ್ಶನ್ನು ಮೇಲಂಚಿಗೆ ಒತ್ತಿ, ಇಳಿಯುವ ನೀರು ತಿಳಿಯಾಗುವವರೆಗೆ ಅತ್ತಿತ್ತ ಆಡಿಸಿ. ಹಳೆಯ ಅಲ್ಯೂಮಿನಿಯಂ ಫ್ರೇಮಿನ ಬಣ್ಣ ಬಿಸಿಲಿಗೆ ಪುಡಿಯಾಗಿದ್ದರೆ ಸೀಮೆಸುಣ್ಣದಂಥ ಹಾಲು ನೀರು ಇಳಿಯುತ್ತದೆ. ಅಂಥ ಕಡೆ ಫ್ರೇಮನ್ನು ಜಾಸ್ತಿ ಉಜ್ಜಬಾರದು. ಉಜ್ಜಿದಷ್ಟೂ ಬಿಳಿ ಬರುತ್ತದೆ.

ಪೋಲ್ ಹಿಡಿಯುವ ಮುನ್ನ

ಗ್ರೌಂಡ್ ಪ್ಲಸ್ ಟು ಮನೆಯ ಮೇಲಿನ ಕಿಟಕಿಗೆ 25ರಿಂದ 30 ಅಡಿಯ ಪೋಲ್ ಬೇಕು. ಅದರ ತುದಿಯಲ್ಲಿ ಬ್ರಶ್, ಒಳಗೆ ಸಣ್ಣ ಪೈಪು. ನಿಮಿಷಕ್ಕೆ ಒಂದೆರಡು ಲೀಟರ್ ನೀರು ಬಂದರೆ ಸಾಕು. ದೊಡ್ಡ ಪಂಪು ಬೇಡ, ರೈತರು ಬೆನ್ನಿಗೆ ಹಾಕಿಕೊಳ್ಳುವ 12 ವೋಲ್ಟಿನ ಬ್ಯಾಟರಿ ಸ್ಪ್ರೇಯರಿನಲ್ಲೂ ಶುರು ಮಾಡಬಹುದು. ಆದರೆ ಹೊಸದನ್ನೇ ಕೊಳ್ಳಿ. ಔಷಧಿ ಹೊಡೆದದ್ದು ಖಂಡಿತ ಬೇಡ.

ಇನ್ನೊಂದು ಮಾತನ್ನು ಕೈ ಹಿಡಿದು ಹೇಳಬೇಕು ಅನಿಸುತ್ತದೆ. ನಮ್ಮ ಬೀದಿಗಳಲ್ಲಿ ವಿದ್ಯುತ್ ತಂತಿ ಬಾಲ್ಕನಿಯ ಪಕ್ಕದಲ್ಲೇ ಹಾದುಹೋಗಿರುತ್ತದೆ. ಒಳ್ಳೆಯ ಪೋಲ್‌ಗಳು ಕಾರ್ಬನ್ ಫೈಬರಿನವು, ಕಾರ್ಬನ್ ಕರೆಂಟ್ ಹರಿಸುತ್ತದೆ. ಪೋಲ್ ಮುಟ್ಟುವುದಿರಲಿ, 11 ಸಾವಿರ ವೋಲ್ಟಿನ ತಂತಿಯ ಹತ್ತಿರ ಹೋದರೂ ಕರೆಂಟ್ ಹಾರುತ್ತದೆ. ಪೋಲ್ ಎತ್ತುವ, ಇಳಿಸುವ, ವಾಲಿದರೆ ಬೀಳುವ ಜಾಗವನ್ನೆಲ್ಲ ಕಣ್ಣಲ್ಲೇ ಅಳೆಯಿರಿ. ತಂತಿ ಇರುವ ಮಗ್ಗುಲಿನ ಗಾಜನ್ನು ಒಳಗಿನಿಂದ ಕೈಗೆ ಸಿಕ್ಕಷ್ಟೇ ಮಾಡಿ, ಉಳಿದದ್ದನ್ನು ಬಿಡಿ. ಮನೆಯವರಿಗೆ ಬಿಡಿಸಿ ಹೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಉಜ್ಜುವುದು, ಜಾಲಾಡುವುದು

ಬಿಸಿಲು ಬಿದ್ದ ಗಾಜಿಗೆ ಕೈ ಹಾಕಬೇಡಿ. ಬಿಸಿ ಗಾಜಿನ ಮೇಲೆ ಕೊಳೆ ನೀರು ಇಳಿಯುವ ಮೊದಲೇ ಒಣಗುತ್ತದೆ. ಪಶ್ಚಿಮದ ಗೋಡೆ ಬೆಳಿಗ್ಗೆ, ಪೂರ್ವದ ಗೋಡೆ ಮಧ್ಯಾಹ್ನದ ಮೇಲೆ. ಮೇಲಿನ ಮಹಡಿ ಮುಗಿಸಿ ಕೆಳಗೆ ಬನ್ನಿ.

ಫ್ರೇಮ್ ಆದ ಮೇಲೆ ಗಾಜನ್ನು ಮೇಲಿನಿಂದ ಕೆಳಗೆ ಗಿಡ್ಡ ಗಿಡ್ಡ ಎಳೆತದಲ್ಲಿ ಉಜ್ಜಿ. ಹಿಕ್ಕೆ ಇರುವಲ್ಲಿ ಮೊದಲು ನೀರು ಬಿಟ್ಟು ನೆನೆಯಲು ಬಿಡಿ. ಪೋಲ್ ನೀರಿಗೆ ಸೋಪು ಹಾಕಲೇಬೇಡಿ. ಸೋಪು ಹಾಕಿದರೆ ಅದನ್ನು ತೊಳೆಯಲು ಮತ್ತೆ ಅಷ್ಟೇ ನೀರು ಬೇಕು, ಉಳಿದ ಸೋಪಿಗೆ ಧೂಳು ಮೆತ್ತುತ್ತದೆ.

ಜಾಲಾಡುವಾಗ ಗಾಜಿನ ಗುಣ ನೋಡಬೇಕು. ಕೆಲವು ಗಾಜಿನ ಮೇಲೆ ನೀರು ಹಾಳೆಯಂತೆ ಹರಡಿ ಇಳಿಯುತ್ತದೆ. ಅಲ್ಲಿ ಬ್ರಶ್ಶನ್ನು ಗಾಜಿಗೆ ತಾಗಿಸಿಕೊಂಡೇ ಮೇಲಿನಿಂದ ನಿಧಾನವಾಗಿ ಇಳಿಸಬಹುದು. ಕೆಲವದರಲ್ಲಿ ಕೆಸುವಿನ ಎಲೆಯ ಮೇಲಿನಂತೆ ಹನಿ ಹನಿಯಾಗಿ ನಿಲ್ಲುತ್ತದೆ. ಅಂಥ ಕಡೆ ಬ್ರಶ್ಶನ್ನು ಗಾಜಿನಿಂದ ಎತ್ತಿ, ಮೇಲಂಚಿನಿಂದ ನೀರು ಹಾಯಿಸುತ್ತಾ ಎಲ್ಲ ಹನಿಯನ್ನೂ ಕೆಳಗೆ ತಳ್ಳಬೇಕು. ಇಲ್ಲಿ ಎರಡು ಪಟ್ಟು ಸಮಯ ಕೊಡಿ. ಒಮ್ಮೆಯೂ ತೊಳೆಯದ ಮನೆಯಾದರೆ ಇಡೀ ಕೆಲಸ ಎರಡು ಸಲ ಮಾಡಬೇಕು. ಅದಕ್ಕೆ ತಕ್ಕಂತೆ ದುಡ್ಡು ಮೊದಲೇ ಮಾತಾಡಿಕೊಳ್ಳಿ.

ವೈಪರ್ ಕೆಲಸ

ಗಾಜಿನ ಒಳಮುಖಕ್ಕೂ ಬಾಲ್ಕನಿಯ ದೊಡ್ಡ ಗಾಜಿಗೂ ವೈಪರೇ ಸರಿ. ಇಲ್ಲಿ ನೀರನ್ನು ಎಳೆದು ತೆಗೆಯುವುದರಿಂದ ಸೊನ್ನೆ ಟಿಡಿಎಸ್ ಬೇಕಿಲ್ಲ, ಕಾವೇರಿ ನೀರು ನಡೆಯುತ್ತದೆ. ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಸಾಕು. ನೊರೆ ಜಾಸ್ತಿ ಆದಷ್ಟೂ ಮಂಜು ಜಾಸ್ತಿ. ಮೇಲಂಚಿನಲ್ಲಿ ಒಂದಿಂಚು ಅಗಲದ ಪಟ್ಟಿಯನ್ನು ಬಟ್ಟೆಯಿಂದ ಒಣಗಿಸಿಕೊಂಡು, ವೈಪರನ್ನು ಆ ಒಣ ಜಾಗದಿಂದ ಎಳೆಯಲು ಶುರು ಮಾಡಿ. ಪ್ರತಿ ಎಳೆತಕ್ಕೂ ರಬ್ಬರನ್ನು ಒರೆಸಿ, ಹಿಂದಿನ ಎಳೆತದ ಮೇಲೆ ಎರಡಿಂಚು ಹತ್ತಿಸಿ. ಒಂಟಿ ರಬ್ಬರಿನ ಈ ಹಗುರ ವೈಪರಿಗೆ 1936ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ಎಟ್ಟೊರೆ ಸ್ಟೆಕೋನೆ ಎಂಬ ಇಟಲಿಯ ವಲಸಿಗ. ಇವತ್ತಿಗೂ ಆ ಉಪಕರಣದಲ್ಲಿ ಬದಲಿಸುತ್ತಿರಬೇಕಾದದ್ದು ರಬ್ಬರ್ ಒಂದನ್ನೇ. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಪ್ರತಿ ಗಾಜಿನಲ್ಲೂ ಒಂದು ಗೆರೆ ಗ್ಯಾರಂಟಿ. ತಿರುಗಿಸಿ ಹಾಕಿ, ಆ ಅಂಚೂ ಹೋದರೆ ಹೊಸದು ಹಾಕಿ.

ಸಿಮೆಂಟ್, ಪೇಂಟ್ ಸಿಡಿದ ಕಲೆಗೆ ಸುಮ್ನೆ ಬ್ಲೇಡ್ ಎತ್ತಿಕೊಳ್ಳಬೇಡಿ. ಕನ್ನಡಿಯಂತೆ ಹೊಳೆಯುವ ರಿಫ್ಲೆಕ್ಟಿವ್ ಗಾಜಾದರೆ ಲೇಪನ ಹೊರಮುಖದಲ್ಲೂ ಇರಬಹುದು, ಒಮ್ಮೆ ಗೀಚಿದರೆ ಮುಗಿಯಿತು. ಹಳೆಯ ಬಿಳಿ ಕಲೆಗೆ ಬಾತ್‌ರೂಮ್ ಆಸಿಡ್ ಹಾಕುವವರೂ ಇದ್ದಾರೆ. ಅದು ಅಲ್ಯೂಮಿನಿಯಂ ಫ್ರೇಮನ್ನೂ ಕೆಳಗಿನ ಮಾರ್ಬಲ್ಲನ್ನೂ ತಿನ್ನುತ್ತದೆ. ನೀರು ಬೆರೆಸಿದ ವಿನಿಗರ್ ಬಟ್ಟೆಗೆ ಹಾಕಿ, ಕಲೆಯ ಮೇಲೆ ಕೆಲ ನಿಮಿಷ ಒತ್ತಿ ಹಿಡಿದು ನೋಡಿ. ಕಲ್ಲಿನ ಮೇಲೆ ಅದೂ ಬೀಳದಂತೆ ಕೆಳಗೆ ಬಟ್ಟೆ ಹಾಸಿರಿ.

ಒಣಗಿದ ಮೇಲೆ ಓದುವುದು

ಪೋಲ್ ಮಡಚುವ ಮುಂಚೆ ಅರ್ಧ ಗಂಟೆ ಕಾಯಿರಿ. ರಸ್ತೆಯ ಆಚೆ ಬದಿಗೆ ಹೋಗಿ ಓರೆಯಾಗಿ ನಿಂತು ನೋಡಿ. ಮೇಲಂಚಿನಿಂದಲೇ ಇಳಿದ ಗೆರೆ ಇದ್ದರೆ ರಬ್ಬರ್ ಅಥವಾ ಸಜ್ಜಾದ ಕೊಳೆ. ಗಾಜಿನ ತುಂಬ ದುಂಡು ಚುಕ್ಕೆ ಇದ್ದರೆ ನೀರಿನದ್ದು, ಅಲ್ಲೇ ಮೀಟರ್ ತೆಗೆಯಿರಿ, ರೆಸಿನ್ ಮುಗಿದಿರುತ್ತದೆ. ಒಳಮುಖದಲ್ಲಿ ಬಳೆಯಂಥ ಗುಂಡು ಗೆರೆಗಳಿದ್ದರೆ ಬಟ್ಟೆಯಲ್ಲಿ ಉಳಿದ ಸೋಪು. ಎರಡು ಪದರದ ಗಾಜಿನ ಮಧ್ಯೆ ಮಂಜು ಕಂಡರೆ ಸೀಲ್ ಹೋಗಿದೆ ಎಂದು ಅರ್ಥ, ಅದು ತೊಳೆಯುವುದರಿಂದ ಹೋಗುವುದಿಲ್ಲ. ಆ ಕಿಟಕಿಯನ್ನು ಮನೆಯವರಿಗೆ ತೋರಿಸಿ, ಮಿಕ್ಕ ಗೆರೆಗಳಿಗೆ ಇನ್ನೊಮ್ಮೆ ಪೋಲ್ ಎತ್ತಿ.