ಆಡಂ ಸ್ಮಿತ್‌ನನ್ನು ಓದುವ ಕ್ರಮ

ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್‌ನನ್ನು ಓದಲು ಹೊರಟವರು ಸಾಮಾನ್ಯವಾಗಿ 1776ರ ‘ರಾಷ್ಟ್ರಗಳ ಸಂಪತ್ತು’ ಗ್ರಂಥವನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಆದರೆ ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದಾಗ ಆತ 1759ರಲ್ಲಿ ಹೊರತಂದ ‘ನೈತಿಕ ಭಾವನೆಗಳ ಸಿದ್ಧಾಂತ’ದಿಂದ ಆರಂಭಿಸುವುದು ಮೇಲು. ಅದರ ಮೊದಲ ಭಾಗವನ್ನಾದರೂ ಓದಿ, ಪರರ ಸುಖದುಃಖಗಳಲ್ಲಿ ಮನುಷ್ಯನು ಸಹಭಾಗಿಯಾಗುವ ಬಗೆಯನ್ನು ಗುರುತು ಹಾಕಿಕೊಳ್ಳಿ.

ಅನಂತರ ‘ಸಂಪತ್ತು’ ಗ್ರಂಥದ ಮೊದಲ ಮೂರು ಅಧ್ಯಾಯಗಳಿಗೆ ಬನ್ನಿ. ಕೆಲಸವನ್ನು ಹಂಚಿಕೊಂಡ ಹತ್ತು ಮಂದಿ ದಿನಕ್ಕೆ 48,000 ಗುಂಡುಸೂಜಿ ತಯಾರಿಸುವ ಪ್ರಸಂಗ ಅಲ್ಲಿದೆ. ಇದನ್ನು ಓದಿದೊಡನೆ ಐದನೆಯ ಸಂಪುಟದ ಮೊದಲ ಅಧ್ಯಾಯಕ್ಕೆ ಹಾರಿ, ಜೀವನವಿಡೀ ಒಂದೆರಡು ಸರಳ ಕ್ರಿಯೆಗಳನ್ನೇ ಮಾಡುವವನ ಬುದ್ಧಿ ಮಂಕಾಗುತ್ತದೆ ಎಂಬ ಅವನದೇ ಎಚ್ಚರಿಕೆಯನ್ನು ಪಕ್ಕದಲ್ಲಿಟ್ಟು ನೋಡಿ. ಕಟುಕನೂ ರೊಟ್ಟಿಗಾರನೂ ಸ್ವಹಿತಕ್ಕಾಗಿ ನಮಗೆ ಊಟ ಒದಗಿಸುತ್ತಾರೆ ಎಂಬ ಮಾತು ವಿನಿಮಯದ ವಿವರಣೆಯೇ ಹೊರತು ದುರಾಸೆಯ ಸ್ತುತಿಯಲ್ಲ.

ಸ್ವಹಿತಕ್ಕಾಗಿ ದುಡಿಯುವವನು ತನಗರಿವಿಲ್ಲದೆಯೇ ಸಮಾಜದ ಹಿತವನ್ನೂ ಸಾಧಿಸುತ್ತಾನೆ ಎಂಬುದನ್ನು ಸೂಚಿಸುವ ‘ಅಗೋಚರ ಹಸ್ತ’ವನ್ನು ಪುಟಪುಟದಲ್ಲೂ ಹುಡುಕಬೇಡಿ, ಅಷ್ಟೊಂದು ಪ್ರಸಿದ್ಧವಾದ ಈ ಪದ ಈ ಬೃಹತ್ ಗ್ರಂಥದಲ್ಲಿ ಬರುವುದು ಒಮ್ಮೆ ಮಾತ್ರ, ನಾಲ್ಕನೆಯ ಸಂಪುಟದ ಎರಡನೆಯ ಅಧ್ಯಾಯದಲ್ಲಿ, ಬಂಡವಾಳವನ್ನು ಸ್ವದೇಶದಲ್ಲೇ ತೊಡಗಿಸುವ ವರ್ತಕನ ಸಂದರ್ಭದಲ್ಲಿ.

ಬೆಳ್ಳಿಯ ಬೆಲೆಯ ಕುರಿತ ದೀರ್ಘ ಪ್ರಕರಣವನ್ನು ಮೊದಲ ಓದಿನಲ್ಲಿ ಬಿಡಬಹುದು. ನಾಲ್ಕನೆಯ ಸಂಪುಟದ ಏಳನೆಯ ಅಧ್ಯಾಯವನ್ನು ಮಾತ್ರ ಬಿಡಬಾರದು: ಬಂಗಾಳವನ್ನು ಆಳತೊಡಗಿದ ಈಸ್ಟ್ ಇಂಡಿಯಾ ಕಂಪನಿಯು ದೊರೆಯಾದ ಮೇಲೂ ವ್ಯಾಪಾರಿಯಂತೆಯೇ ಯೋಚಿಸುತ್ತದೆ ಎಂದು ಆತ ಅಲ್ಲಿ ಕಟುವಾಗಿ ಟೀಕಿಸುತ್ತಾನೆ.