ಶಿಕಾಗೋ ಚಳಿಯಲ್ಲಿ ನಮ್ಮ ಹಳೇ ಮನೆ ಬೆಚ್ಚಗಾದದ್ದು ಹೀಗೆ

ಅಮ್ಮ ದೀಪ ಹಚ್ಚಿ, ಕೈ ಮುಗಿದು, ಈಚೆ ಬರುವಷ್ಟರಲ್ಲಿ ದೀಪ ಶಾಂತವಾಗಿರುತ್ತಿತ್ತು. ಒಂದು ದಿನ ಅಲ್ಲ, ವಾರವಿಡೀ ಹೀಗೇ. ಕಿಟಕಿ ಎಲ್ಲ ಹಾಕಿದೆ, ಬಾಗಿಲು ಹಾಕಿದೆ, ಫ್ಯಾನ್ ತಿರುಗುತ್ತಿಲ್ಲ. "ಗಾಳಿ ಎಲ್ಲಿಂದ ಬರ್ತದೆ ಮಾರಾಯ, ಸ್ವಲ್ಪ ನೋಡು" ಅಂದಳು. ನಾನು ದೇವರ ಮುಂದೆ ಮಂಡಿಯೂರಿ ಕೂತು ನೋಡಿದೆ. ದೀಪದ ಕುಡಿ ನೆಟ್ಟಗೆ ನಿಲ್ಲುತ್ತಲೇ ಇರಲಿಲ್ಲ, ಒಂದೇ ಕಡೆಗೆ ಬಾಗಿಕೊಂಡಿತ್ತು. ಗೋಡೆಯ ಬುಡದಲ್ಲಿ ಹೊಡೆದ ಮರದ ಪಟ್ಟಿಯ ಹತ್ತಿರ ಕೈ ಇಟ್ಟರೆ ಬೆರಳಸಂದಿಗೆ ತಣ್ಣನೆ ಗಾಳಿ ತಾಗುತ್ತಿತ್ತು.

ಇದು 2018ರ ಡಿಸೆಂಬರ್ ಮಾತು. ಆ ವರ್ಷ ಬೇಸಿಗೆಯಲ್ಲಷ್ಟೇ ನಾವು ಈ ಮನೆ ಕೊಂಡಿದ್ದೆವು. ಶಿಕಾಗೋದಲ್ಲಿ ಬಂಗಲೋ ಅನ್ನುತ್ತಾರಲ್ಲ, ಆ ಥರದ ಇಟ್ಟಿಗೆ ಮನೆ, 1926ರಲ್ಲಿ ಕಟ್ಟಿದ್ದು. ಕೆಳಗೆ ಬೇಸ್‌ಮೆಂಟ್, ಮೇಲೆ ತಗ್ಗು ಅಟ್ಟ. 1910ರಿಂದ 1940ರ ನಡುವೆ ಈ ಊರಲ್ಲಿ ಇಂಥ ಮನೆಗಳನ್ನು ಸುಮಾರು 80,000 ಕಟ್ಟಿದ್ದಾರೆ. ಗಟ್ಟಿಮುಟ್ಟಾದ ಮನೆ. ಆದರೆ ಆ ಮೊದಲ ಚಳಿಗಾಲದಲ್ಲಿ ಒಳಗೆ ಕೂತರೆ ತಲೆ ಬಿಸಿ, ಪಾದ ತಣ್ಣಗೆ. ಅಮ್ಮ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿಕೊಂಡು, ಊರಿನಿಂದ ತಂದ ಕಂಬಳಿ ಹೊದ್ದು, ಸೋಫಾದ ಮೇಲೆ ಕಾಲು ಮಡಚಿ ಕೂರುತ್ತಿದ್ದಳು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಅಷ್ಟು ದೂರದಿಂದ ಮಗನ ಮನೆ ಅಂತ ಬಂದಿದ್ದಾಳೆ, ಅವಳಿಗೆ ಒಂದು ಬೆಚ್ಚನೆಯ ಮೂಲೆ ಇಲ್ಲ.

ಮಲೆನಾಡಿನವರಿಗೆ ಚಳಿ ಹೊಸದಲ್ಲ. ಆದರೆ ನಮ್ಮಲ್ಲಿ ಮನೆಯನ್ನು ಯಾರೂ ಬೆಚ್ಚಗೆ ಮಾಡುವುದಿಲ್ಲ, ನಾವು ಬೆಚ್ಚಗಾಗುತ್ತೇವೆ ಅಷ್ಟೇ. ಕಂಬಳಿ ಹೊದೆಯುತ್ತೇವೆ, ಬಚ್ಚಲ ಒಲೆ ಮುಂದೆ ಕೂರುತ್ತೇವೆ, ಹಂಡೆಯ ಬಿಸಿನೀರು ಹೊಯ್ದುಕೊಳ್ಳುತ್ತೇವೆ. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಲೇ ಇರುತ್ತದೆ. ಆಡಲೇಬೇಕು, ಇಲ್ಲದಿದ್ದರೆ ಒಲೆಯ ಹೊಗೆ ಹೋಗುವುದೆಲ್ಲಿಂದ? ಇಲ್ಲಿ ಮನೆಯನ್ನೇ ಬಿಸಿಯಾಗಿ ಇಡಬೇಕು. ಇಲ್ಲದಿದ್ದರೆ ಪೈಪಿನೊಳಗಿನ ನೀರು ಹೆಪ್ಪುಗಟ್ಟಿ ಪೈಪೇ ಒಡೆದುಹೋಗುತ್ತದೆ.

ಚಳಿ ಅನ್ನಿಸಿದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮನೆಯ ಬಿಸಿ ಎಷ್ಟಿರಬೇಕು ಅಂತ ಹೊಂದಿಸುವ ಥರ್ಮೋಸ್ಟ್ಯಾಟ್ ಏರಿಸಿದೆ. 70, 72, 74 (ಸುಮಾರು 21ರಿಂದ 23 ಸೆಲ್ಸಿಯಸ್) ಡಿಗ್ರಿ ಫ್ಯಾರನ್‌ಹೀಟ್. ಬಾಯ್ಲರ್ ಹಗಲೂ ರಾತ್ರಿ ಉರಿಯಿತು, ಗ್ಯಾಸ್ ಬಿಲ್ ಏರಿತು, ಅಮ್ಮನ ಪಾದ ಮಾತ್ರ ತಣ್ಣಗೇ ಉಳಿಯಿತು. ಒಂದು ಕಿಟಕಿ ಕಂಪನಿಯವರು ಬಂದು ನೋಡಿ, ಹದಿನಾಲ್ಕೂ ಕಿಟಕಿ ಕಿತ್ತು ಹೊಸದು ಹಾಕಿಸಿ, ಬೇರೆ ದಾರಿ ಇಲ್ಲ ಅಂದರು. ಅವರು ಹೇಳಿದ ಮೊತ್ತದಲ್ಲಿ ಒಂದು ಕಾರು ಬರುತ್ತಿತ್ತು.

ಅಷ್ಟರಲ್ಲಿ 2019ರ ಜನವರಿ 30 ಬಂತು. ಆವತ್ತು ಶಿಕಾಗೋದಲ್ಲಿ ಮೈನಸ್ 23 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹತ್ತಿರ ಹತ್ತಿರ ಮೈನಸ್ 31 ಸೆಲ್ಸಿಯಸ್. ಬೆಳಿಗ್ಗೆ ಅಡುಗೆಮನೆ ನಲ್ಲಿ ತಿರುಗಿಸಿದರೆ ನೀರೇ ಇಲ್ಲ. ಸಿಂಕ್ ಇರುವುದು ಹೊರಗೋಡೆಗೆ ಅಂಟಿಕೊಂಡು. ಕೆಳಗಿನ ಬೀರುವಿನ ಬಾಗಿಲು ತೆಗೆದಿಟ್ಟು, ನಲ್ಲಿ ತೆರೆದಿಟ್ಟು, ಕೂದಲು ಒಣಗಿಸುವ ಡ್ರೈಯರ್‌ನಿಂದ ಒಂದು ಗಂಟೆ ಪೈಪಿಗೆ ಬಿಸಿಗಾಳಿ ಹಿಡಿದೆವು. ನೀರು ಮೊದಲು ತೊಟ್ಟಿಕ್ಕಿ, ಆಮೇಲೆ ಕೆಮ್ಮಿ ಕೆಮ್ಮಿ ಬಂತು. ಪೈಪ್ ಒಡೆದಿರಲಿಲ್ಲ. ಅಂಥ ರಾತ್ರಿಗಳಲ್ಲಿ ಹೊರಗೋಡೆಯ ನಲ್ಲಿಯನ್ನು ಸಣ್ಣ ಧಾರೆಯಲ್ಲಿ ಬಿಟ್ಟು ಮಲಗಬೇಕು, ಬೀರುವಿನ ಬಾಗಿಲು ತೆಗೆದಿಡಬೇಕು. ಮನೆಗೆ ನೀರು ಬರುವ ಮುಖ್ಯ ವಾಲ್ವ್ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಬೇಕು.

ಆ ವಸಂತದಲ್ಲಿ, ಬಿಸಿ ಎಲ್ಲಿಂದ ಸೋರುತ್ತಿದೆ ಅಂತ ತಿಳಿಯಲು, ಮನೆ ತಪಾಸಣೆ ಮಾಡಿಸಿದೆ. ತಪಾಸಣೆಯವರು ಮುಂಬಾಗಿಲಿಗೆ ಬಟ್ಟೆಯ ಚೌಕಟ್ಟು ಕೂರಿಸಿ, ಅದರಲ್ಲಿ ದೊಡ್ಡ ಫ್ಯಾನ್ ಇಟ್ಟು, ಮನೆಯ ಗಾಳಿಯನ್ನು ಹೊರಗೆ ಎಳೆದರು. ಒಳಗಿನ ಒತ್ತಡ ಹೊರಗಿಗಿಂತ 50 ಪಾಸ್ಕಲ್ ಕಡಿಮೆಯಾಗುವವರೆಗೆ ಎಳೆಯುತ್ತಾರೆ. ಆಗ ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲೆಲ್ಲ ಗಾಳಿ ನುಗ್ಗುತ್ತದೆ. ನಮ್ಮ ಮನೆಯಲ್ಲಿ ಫ್ಯಾನ್ ನಿಮಿಷಕ್ಕೆ 4,800 ಘನ ಅಡಿ ಗಾಳಿ ಎಳೆಯಬೇಕಾಯಿತು. ಅಟ್ಟದ ಮುಚ್ಚಳದಿಂದ ಸುಂಯ್ ಅಂತ ಸದ್ದು. ಕಿಟಕಿಗಳಿಂದ ಬಂದದ್ದು ಅದರ ಮುಂದೆ ಏನೂ ಅಲ್ಲ.

ಆವತ್ತು ನನಗೆ ಅರ್ಥವಾದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಮಾಡಿದ ಕೆಲಸವೆಲ್ಲ ಇದರ ಮೇಲೇ ನಿಂತಿದೆ. ಬಿಸಿಗಾಳಿ ಮೇಲೇರುತ್ತದೆ. ಮೇಲೆ ತೂತಿದ್ದರೆ ಹೊರಗೆ ಹೋಗುತ್ತದೆ. ಹೋದಷ್ಟೇ ಗಾಳಿ ಕೆಳಗಿನ ಸಂದಿಗಳಿಂದ ಒಳಗೆ ಬರಲೇಬೇಕು, ಬರುವುದು ತಣ್ಣನೆಯದು. ಇಡೀ ಮನೆ ಒಂದು ಚಿಮಣಿ ಇದ್ದ ಹಾಗೆ. ಒಳಗೆ ಬಿಸಿ ಹೆಚ್ಚಿಸಿದಷ್ಟೂ ಆ ಎಳೆತ ಜಾಸ್ತಿ. ಅಂದರೆ ಥರ್ಮೋಸ್ಟ್ಯಾಟ್ ಏರಿಸಿ ಏರಿಸಿ ಅಮ್ಮನ ಕಾಲಿಗೆ ಚಳಿಗಾಳಿ ಎಳೆದು ತಂದವನು ನಾನೇ. ದೇವರ ದೀಪದ ಹತ್ತಿರ ಬರುತ್ತಿದ್ದ ಗಾಳಿಗೆ ಕಾರಣ ಆ ಗೋಡೆಯಲ್ಲಿ ಇರಲಿಲ್ಲ, ಅಟ್ಟದಲ್ಲಿತ್ತು.

ಹಾಗಾಗಿ ಅಟ್ಟದಿಂದ ಶುರು ಮಾಡಿದೆವು. 2019ರ ಅಕ್ಟೋಬರ್, ಅಟ್ಟದಲ್ಲಿ ಬಿಸಿಲ ಕಾವು ಇಳಿದ ಮೇಲೆ. ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ, ತಲೆಗೆ ಕಟ್ಟುವ ಟಾರ್ಚು. ನಡೆಯಲು ತೊಲೆಯಿಂದ ತೊಲೆಗೆ ಹಲಗೆ ಹಾಕಿಕೊಂಡೆ, ತಪ್ಪಿ ನಡುವೆ ಕಾಲಿಟ್ಟರೆ ಕೆಳಗಿನ ಕೋಣೆಯ ಸೀಲಿಂಗ್ ಒಡೆದು ಕಾಲು ಇಳಿಯುತ್ತದೆ. ಅಲ್ಲಿ ಬಿಸಿ ತಡೆಯಲು ಯಾರೋ ಹಿಂದೆ ಹಾಸಿದ್ದ, ಗಾಜಿನ ನಾರಿನ ಮೂರಿಂಚಿನ ಫೈಬರ್‌ಗ್ಲಾಸ್ ಇತ್ತು. ಅದನ್ನು ಎತ್ತುತ್ತಾ ಹೋದಾಗ ಕೆಲವು ಕಡೆ ಗುಲಾಬಿ ಬಣ್ಣ ಹೋಗಿ ಮಸಿ ಹಿಡಿದ ಹಾಗೆ ಕಪ್ಪಾಗಿತ್ತು. ಕಪ್ಪಿರುವ ಕಡೆಯೆಲ್ಲ ಕೆಳಗೆ ತೂತು! ವರ್ಷಗಟ್ಟಲೆ ಮನೆಯ ಗಾಳಿ ಅಲ್ಲಿಂದ ಏರಿ, ಅದರ ಧೂಳೆಲ್ಲ ಜರಡಿಯಲ್ಲಿ ಉಳಿದ ಹಾಗೆ ಅಲ್ಲೇ ಉಳಿದಿತ್ತು. ತಪಾಸಣೆಯವರ ಯಂತ್ರಕ್ಕಿಂತ ಈ ಕಪ್ಪು ಕಲೆಗಳೇ ನನಗೆ ಚೆನ್ನಾಗಿ ದಾರಿ ತೋರಿಸಿದವು.

ವೈರ್ ಇಳಿದ ತೂತು, ಬಚ್ಚಲಿನ ಪೈಪ್ ಏರಿದ ಸಂದಿ, ಗೋಡೆಗಳ ನೆತ್ತಿ, ಎಲ್ಲಕ್ಕೂ ಡಬ್ಬಿಯಲ್ಲಿ ಬರುವ, ಉಬ್ಬಿ ಗಟ್ಟಿಯಾಗುವ ಫೋಮ್ ತುಂಬಿದೆ. ಚಿಮಣಿಯ ಸುತ್ತ ಮಾತ್ರ ಫೋಮ್ ಹಾಕಬಾರದು, ಬೆಂಕಿಯ ಭಯ. ಅಲ್ಲಿ ತಗಡು ಕತ್ತರಿಸಿ ಕೂರಿಸಿ, ಬೆಂಕಿ ತಡೆಯುವ ಸೀಲೆಂಟ್, ಅಂದರೆ ಸಂದಿ ಮುಚ್ಚುವ ಅಂಟು, ಹಚ್ಚಿದೆ. ಆ ಚಿಮಣಿಯ ಸುತ್ತಲಿನ ಸಂದಿಯಲ್ಲಿ ನನ್ನ ಅಂಗೈ ಸಲೀಸಾಗಿ ಇಳಿಯುತ್ತಿತ್ತು. ನೇರ ಬೇಸ್‌ಮೆಂಟಿನವರೆಗೆ ಖಾಲಿ. ನಮ್ಮ ದೇವರ ಮೂಲೆ ಇದ್ದದ್ದು ಸರಿಯಾಗಿ ಅದರ ಪಕ್ಕದ ಗೋಡೆಯಲ್ಲಿ.

ಹಳೇ ಮನೆಯ ಅಟ್ಟಕ್ಕೆ ಹತ್ತುವವರು ಎರಡು ವಿಷಯ ನೋಡಿಕೊಳ್ಳಲೇಬೇಕು. ತೊಲೆಗಳ ನಡುವೆ ಕಾಗೆಬಂಗಾರದ ಹಾಗೆ ಹೊಳೆಯುವ ಹಗುರ ಹರಳು ಸುರಿದಿದ್ದರೆ ಅದು ವರ್ಮಿಕ್ಯುಲೈಟ್. ಅದರಲ್ಲಿ ಆಸ್ಬೆಸ್ಟಾಸ್, ಅಂದರೆ ಉಸಿರಲ್ಲಿ ಒಳಹೋದರೆ ಶ್ವಾಸಕೋಶಕ್ಕೆ ಅಪಾಯವಾದ ನಾರು, ಇರುವ ಸಾಧ್ಯತೆ ಇದೆ. ಮುಟ್ಟಬೇಡಿ, ಕೆದಕಬೇಡಿ, ತಿಳಿದವರನ್ನು ಕರೆಸಿ. ಇನ್ನೊಂದು, ಪಿಂಗಾಣಿ ಗುಬ್ಬಿಗಳ ಮೇಲೆ ಎಳೆದ ಹಳೇ ವೈರಿಂಗ್. ಅದರ ಮೇಲೆ ಇನ್ಸುಲೇಷನ್ (ಬಿಸಿ ಸೋರದಂತೆ ಹಾಸುವ ಪದರ) ಮುಚ್ಚಿದರೆ ವೈರ್ ಬಿಸಿಯಾಗಿ ಬೆಂಕಿ ಹತ್ತಬಹುದು. ನಮ್ಮದು ಕಬ್ಬಿಣದ ಕೊಳವೆಯೊಳಗೆ ಎಳೆದ ವೈರಿಂಗ್, ಎಲೆಕ್ಟ್ರಿಷಿಯನ್ ಬಂದು ನೋಡಿ ಸರಿ ಅಂದಮೇಲೆಯೇ ಮುಂದುವರಿದೆವು.

ತೂತೆಲ್ಲ ಮುಚ್ಚಿದ ಮೇಲೆ ಇನ್ಸುಲೇಷನ್. ಈ ಅನುಕ್ರಮ ತಪ್ಪಬಾರದು. ಗಾಳಿ ನುಗ್ಗುವ ಕಡೆ ಎಷ್ಟು ಹಾಸಿದರೂ ಅದು ಜಾಳು ಸ್ವೆಟರ್ ಹಾಕಿಕೊಂಡು ಬಿರುಗಾಳಿಯಲ್ಲಿ ನಿಂತ ಹಾಗೆ. ನಾವು ಆರಿಸಿದ್ದು ಸೆಲ್ಯುಲೋಸ್. ಹಳೇ ಪತ್ರಿಕೆ ಕಾಗದವನ್ನು ನುರಿದು, ಬೆಂಕಿ ಹಿಡಿಯದಂತೆ ಬೋರೇಟ್ ಸೇರಿಸಿರುತ್ತಾರೆ. ಬಿಸಿಯನ್ನು ಎಷ್ಟು ತಡೆಯುತ್ತದೆ ಅನ್ನುವುದನ್ನು ಇಲ್ಲಿ 'ಆರ್' ಅಂಕಿಯಲ್ಲಿ ಅಳೆಯುತ್ತಾರೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಇದಕ್ಕೆ ಒಂದಿಂಚಿಗೆ ಸುಮಾರು ಆರ್-3.5 ಲೆಕ್ಕ. ಇಲ್ಲಿನ ಚಳಿಗೆ ಅಟ್ಟದಲ್ಲಿ ಆರ್-49 ಆದರೂ ಇರಬೇಕು, ಅಂದರೆ ಹದಿನಾಲ್ಕು ಇಂಚು. ಊದುವ ಯಂತ್ರವನ್ನು ಚೀಲ ಕೊಂಡ ಅಂಗಡಿಯೇ ಒಂದು ದಿನಕ್ಕೆ ಕೊಟ್ಟಿತು. ಕೆಳಗೆ ಹೆಂಡತಿ ಚೀಲ ಬಿಚ್ಚಿ ಉಂಡೆ ಪುಡಿಮಾಡಿ ಯಂತ್ರಕ್ಕೆ ಹಾಕುವುದು, ಮೇಲೆ ನಾನು ಕೊಳವೆ ಹಿಡಿದು ಮೂಲೆಯಿಂದ ಹಿಂದೆ ಸರಿಯುತ್ತಾ ಊದುವುದು. ಆಳ ಗೊತ್ತಾಗಲಿ ಅಂತ ತೊಲೆಗಳಿಗೆ ಕಾಗದದ ಅಳತೆಪಟ್ಟಿ ಹೊಡೆದಿಟ್ಟಿದ್ದೆ. ಕೆಲವು ತಿಂಗಳಲ್ಲಿ ಸ್ವಲ್ಪ ಕೂರುತ್ತದೆ, ಹಾಗಾಗಿ ಎರಡಿಂಚು ಜಾಸ್ತಿಯೇ ಊದಿದೆ. 48 ಚೀಲ ಹಿಡಿಯಿತು. ಸೂರಿನ ಕಡೆಯ ಗಾಳಿದಾರಿ ಮಾತ್ರ ಮುಚ್ಚಲಿಲ್ಲ, ಅಟ್ಟ ಉಸಿರಾಡಬೇಕು. ಬಚ್ಚಲಿನ ಎಕ್ಸಾಸ್ಟ್ ಕೊಳವೆ ಅಟ್ಟದಲ್ಲೇ ಬಾಯಿ ತೆರೆದುಕೊಂಡಿತ್ತು, ಅದನ್ನು ಮಾಡಿನಾಚೆಗೆ, ಅಂದರೆ ಛಾವಣಿಯ ಹೊರಗೆ, ಹಾಯಿಸಿದೆವು. ಹಾಗೇ ಬಿಟ್ಟಿದ್ದರೆ ಆವಿಯೆಲ್ಲ ಅಲ್ಲೇ ನಿಂತು ಮರ ಕೊಳೆಯುತ್ತಿತ್ತು. ಕೊನೆಗೆ ಅಟ್ಟದ ಮುಚ್ಚಳದ ಮೇಲೆ ನಾಲ್ಕಿಂಚು ಫೋಮ್ ಹಲಗೆ ಅಂಟಿಸಿ, ಅಂಚಿಗೆ ರಬ್ಬರ್ ಪಟ್ಟಿ, ಬಿಗಿ ಹಿಡಿಯಲು ಕೊಕ್ಕೆ.

ಆ ಚಳಿಗಾಲದ ಮೊದಲ ಹಿಮ ಬಿದ್ದಾಗ ರಸ್ತೆಗೆ ಹೋಗಿ ಮನೆ ಮಾಡು ನೋಡಿದೆ. ಹಿಂದಿನ ವರ್ಷ ನಮ್ಮ ಮಾಡಿನ ಹಿಮ ಎಲ್ಲರಿಗಿಂತ ಮೊದಲು ಕರಗಿ, ಸೂರಿನಂಚಿನಲ್ಲಿ ಗೇಣುದ್ದ ಮಂಜುಗಡ್ಡೆಯಾಗಿ ಜೋತುಬಿದ್ದಿತ್ತು. ಈಗ ನಾಲ್ಕು ದಿನವಾದರೂ ಬೆಳ್ಳಗೆ ಹಾಗೇ ಕೂತಿತ್ತು.

ಕೆಳಗಿನ ಕೆಲಸ ಒಂದು ವಾರಾಂತ್ಯದಲ್ಲಿ ಮುಗಿಯಿತು. ಬೇಸ್‌ಮೆಂಟಿನ ಗೋಡೆಯಲ್ಲಿ ಒಂದು ಕಬ್ಬಿಣದ ಪುಟ್ಟ ಬಾಗಿಲಿದೆ. ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ ಕಾಲದಲ್ಲಿ ಹೊರಗಿನಿಂದ ಅದರೊಳಗೆ ಸುರಿಯುತ್ತಿದ್ದರಂತೆ. ಅದರ ಹಿಂದೆ ಫೋಮ್ ಹಲಗೆ ಕೂರಿಸಿ ಸುತ್ತ ಸೀಲೆಂಟ್ ಹಚ್ಚಿದೆ. ಉಳಿದ ಸಂದಿ ಹುಡುಕಲು ನನ್ನ ಉಪಕರಣ ಊದುಬತ್ತಿ. ಗಾಳಿ ಬೀಸುವ ಚಳಿ ದಿನ ಆರಿಸಿಕೊಳ್ಳಿ. ಬಾಯ್ಲರ್ ಮತ್ತು ಗ್ಯಾಸ್ ಗೀಸರ್ ಆಫ್ ಮಾಡಿ, ಬಾಗಿಲು ಕಿಟಕಿ ಹಾಕಿ, ಅಡುಗೆಮನೆ ಮತ್ತು ಬಚ್ಚಲಿನ ಎಕ್ಸಾಸ್ಟ್ ಓಡಿಸಿ. ಊದುಬತ್ತಿ ಹಿಡಿದು ಗೋಡೆಬುಡ, ಕಿಟಕಿಯಂಚು, ಹೊರಗೋಡೆಯ ಸ್ವಿಚ್‌ಬೋರ್ಡು, ಪೈಪ್ ಒಳಬರುವ ಜಾಗ, ಹೀಗೆ ನಿಧಾನವಾಗಿ ಸುತ್ತಿ. ಹೊಗೆ ನೆಟ್ಟಗೆ ಏರುತ್ತಿದ್ದದ್ದು ತಟ್ಟನೆ ಅಡ್ಡ ಹರಿದರೆ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಪರದೆ ಹತ್ತಿರ ಜೋಪಾನ.

ಕಿಟಕಿಗೆ ಕೊನೆಯಲ್ಲಿ ಬಂದೆವು. ಹಳೇ ಮರದ ಕಿಟಕಿಗಳನ್ನು ಕೀಳಲಿಲ್ಲ, ಒಳ್ಳೇ ಮರ ಅದು. ಹುರಿಯ ಹಾಗೆ ಬರುವ ಮೆತ್ತನೆಯ ಸೀಲೆಂಟನ್ನು ಚಕ್ಕುಲಿ ಹಿಟ್ಟು ಒತ್ತುವ ಹಾಗೆ ಬೆರಳಲ್ಲಿ ಸಂದಿಗೆ ಒತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ ಡ್ರೈಯರ್‌ನಿಂದ ಬಿಗಿ ಮಾಡುವುದು. ವಸಂತಕ್ಕೆ ಕಿತ್ತರಾಯಿತು. ಅಪಾಯ ಬಂದರೆ ಮಲಗುವ ಕೋಣೆಯಿಂದ ಹೊರಗೆ ಹೋಗಬಹುದಾದ ಒಂದು ಕಿಟಕಿಯನ್ನು ಮಾತ್ರ ತೆರೆಯುವ ಹಾಗೇ ಬಿಟ್ಟಿದ್ದೇವೆ.

ರೇಡಿಯೇಟರ್ ಇರುವವರಿಗೆ ಒಂದು ಮಾತು. ನಮ್ಮದು ಬಿಸಿನೀರು ಹರಿಯುವ ಎರಕದ ಕಬ್ಬಿಣದ ರೇಡಿಯೇಟರ್. ಕೆಳಗೆ ಬಿಸಿ, ಮೇಲೆ ತಣ್ಣಗೆ ಇದ್ದರೆ ಒಳಗೆ ಗಾಳಿ ಸೇರಿಕೊಂಡಿದೆ ಅಂತ. ತುದಿಯಲ್ಲಿ ಸಣ್ಣ ಕೀಲಿ ತಿರುಗಿಸುವ ಜಾಗ ಇರುತ್ತದೆ. ಕಾಲು ಸುತ್ತು ತಿರುಗಿಸಿದರೆ ಸುಸ್ ಅಂತ ಗಾಳಿ ಬರುತ್ತದೆ, ಆಮೇಲೆ ಗುಳುಗುಳು, ಆಮೇಲೆ ಕಪ್ಪು ನೀರು ಚಿಮ್ಮುತ್ತದೆ. ಆಗ ತಕ್ಷಣ ಮುಚ್ಚಬೇಕು, ಕೆಳಗೆ ಒಂದು ಲೋಟ ಹಿಡಿದಿರಬೇಕು. ಅಮ್ಮನ ಕೋಣೆಯ ರೇಡಿಯೇಟರ್‌ನಿಂದ ಪೂರಾ ಎರಡು ನಿಮಿಷ ಗಾಳಿ ಬಂತು. ಅಷ್ಟು ದಿನ ಅರ್ಧವೇ ಬಿಸಿಯಾಗುತ್ತಿತ್ತು.

ಮನೆ ಬಿಗಿಯಾದ ಮೇಲೆ ಜವಾಬ್ದಾರಿಯೂ ಬಿಗಿಯಾಗುತ್ತದೆ. ಬಾಯ್ಲರ್, ಗ್ಯಾಸ್ ಗೀಸರ್ ಎರಡೂ ಚಿಮಣಿಯಿಂದ ಹೊಗೆ ಬಿಡುತ್ತವೆ. ಒಳಗೆ ಗಾಳಿ ಸಾಲದಿದ್ದರೆ ಆ ಹೊಗೆ ವಾಪಸ್ ಮನೆಯೊಳಗೇ ಇಳಿಯಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಕೆಲಸ ಮುಗಿದ ಮೇಲೆ ತಪಾಸಣೆಯವರನ್ನು ಮತ್ತೆ ಕರೆಸಿ ಹೊಗೆ ಸರಿಯಾಗಿ ಮೇಲೆ ಹೋಗುತ್ತಿದೆಯಾ ಅಂತ ನೋಡಿಸಿದೆ. ಅದೇ ದಿನ ಫ್ಯಾನ್ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿದರು. ನಿಮಿಷಕ್ಕೆ 4,800 ಘನ ಅಡಿ ಇದ್ದದ್ದು 2,900ಕ್ಕೆ ಇಳಿದಿತ್ತು. ಶಿಕಾಗೋ ಇರುವ ಇಲಿನಾಯ್ ರಾಜ್ಯದ ಕಾನೂನಿನ ಪ್ರಕಾರ ಮಲಗುವ ಪ್ರತಿ ಕೋಣೆಯ 15 ಅಡಿಯೊಳಗೆ ಈ ವಿಷಾನಿಲದ ಅಲಾರಂ ಇರಬೇಕು. ಕಾನೂನು ಇಲ್ಲದ ಕಡೆಯೂ ಹಾಕಿಸಿ. ಚಳಿ ಅಂತ ಗ್ಯಾಸ್ ಒಲೆ ಹಚ್ಚಿಟ್ಟು ಕೂರಬೇಡಿ, ಇದ್ದಿಲಿನ ಅಗ್ಗಿಷ್ಟಿಕೆಯನ್ನಂತೂ ಒಳಗೆ ತರಲೇಬೇಡಿ. ವಿದ್ಯುತ್ ಹೀಟರ್ ಇಟ್ಟರೆ ನೇರ ಗೋಡೆಯ ಸಾಕೆಟ್‌ಗೆ, ಎಕ್ಸ್‌ಟೆನ್ಷನ್ ವೈರಿಗೆ ಬೇಡ. ಹಾಸಿಗೆ ಪರದೆಗಳಿಂದ ಮೂರು ಅಡಿ ದೂರ.

ಹೀಟರ್ ಇದ್ದರೆ ಗಾಳಿ ಒಣಗುತ್ತದೆ, ತುಟಿ ಒಡೆಯುತ್ತದೆ ಅನ್ನುವುದನ್ನು ಕೇಳಿರುತ್ತೀರಿ. ಗಾಳಿ ಒಣಗುವುದು ಮುಖ್ಯವಾಗಿ ಸಂದಿಗಳಿಂದ. ಹೊರಗಿನ ಚಳಿಗಾಳಿಯಲ್ಲಿ ನೀರಿನಂಶ ತೀರಾ ಕಡಿಮೆ, ಅದು ಒಳಗೆ ಬಂದು ಬಿಸಿಯಾದಾಗ ಎಲ್ಲವನ್ನೂ ಹೀರುತ್ತದೆ. ಸಂದಿ ಮುಚ್ಚಿದ ಮೇಲೆ ನಮಗೆ ಎದುರಾದದ್ದು ಇದರ ಉಲ್ಟಾ. ಅನ್ನ ಬೇಯುವಾಗ ಅಡುಗೆಮನೆ ಕಿಟಕಿಯಲ್ಲಿ ನೀರಿಳಿಯತೊಡಗಿತು. ಈಗ ಒಲೆ ಹಚ್ಚಿದ ಕೂಡಲೇ ಎಕ್ಸಾಸ್ಟ್ ಹಾಕುತ್ತೇವೆ. ತೀರಾ ಚಳಿಯ ದಿನಗಳಲ್ಲಿ ಒಳಗಿನ ಗಾಳಿಯ ತೇವಾಂಶ ಶೇಕಡಾ 30 ದಾಟದ ಹಾಗೆ ನೋಡಿಕೊಳ್ಳುತ್ತೇವೆ.

ಬಾಡಿಗೆ ಮನೆಯಲ್ಲಿರುವ ನಮ್ಮವರು ಇಲ್ಲಿ ತುಂಬಾ ಜನ ಇದ್ದಾರೆ. ನಿಮಗೆ ಅಟ್ಟ ಮುಟ್ಟಲು ಆಗುವುದಿಲ್ಲ, ನಿಜ. ಆದರೆ ಶಿಕಾಗೋ ನಗರದ ನಿಯಮದಲ್ಲಿ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಮಾಲೀಕರು ಮನೆಯನ್ನು ಹಗಲು 68, ರಾತ್ರಿ 66 ಡಿಗ್ರಿ ಫ್ಯಾರನ್‌ಹೀಟಿಗೆ ಕಡಿಮೆಯಾಗದಂತೆ ಇಡಬೇಕು. ಇಡದಿದ್ದರೆ ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಸುಮ್ನೆ ಸಹಿಸಿಕೊಂಡು ಕೂರಬೇಡಿ, ಮನೆಯಲ್ಲಿ ವಯಸ್ಸಾದವರು, ಹಸುಗೂಸು ಇದ್ದರೆ ಅಂತೂ ಬೇಡವೇ ಬೇಡ.

ಅಮ್ಮ ಮತ್ತೆ ಬಂದದ್ದು 2022ರ ಚಳಿಗಾಲದಲ್ಲಿ. ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಭಾರೀ ಚಳಿಗಾಳಿ ಬೀಸಿತು. ಥರ್ಮೋಸ್ಟ್ಯಾಟ್ 69ರಲ್ಲಿತ್ತು, ಬರೀ 69. ಅಮ್ಮ ಒಂದೇ ಜೊತೆ ಕಾಲುಚೀಲದಲ್ಲಿ ಅಡುಗೆಮನೆಯಲ್ಲಿ ನಿಂತು ರೊಟ್ಟಿ ತಟ್ಟುತ್ತಿದ್ದಳು. ಕಂಬಳಿ ಎಲ್ಲಿ ಅಂತ ಕೇಳಿದೆ. "ಮಡಚಿ ಇಟ್ಟಿದೇನೆ, ಸೆಖೆ ಆಗ್ತದೆ" ಅಂದಳು.

ಇನ್ನು ಹಿಂಬದಿಯ ಜಗಲಿ ಬಾಕಿ ಇದೆ. ಮರದ ಕಂಬಗಳ ಮೇಲೆ ನಿಂತ ಮುಚ್ಚಿದ ಜಗಲಿ, ಕೆಳಗೆಲ್ಲ ಗಾಳಿ. ಮಕ್ಕಳು ಶಾಲೆಯಿಂದ ಬಂದು ಬೂಟು ಬಿಚ್ಚುವುದು ಅಲ್ಲೇ. ನೆಲದ ಅಡಿಯಿಂದ ಫೋಮ್ ಹಲಗೆ ಕೂರಿಸಬೇಕು, ಅದಕ್ಕೆ ಮುಂಚೆ ಕೊಳೆತ ಎರಡು ತೊಲೆ ಬದಲಾಯಿಸಬೇಕು. ಹಲಗೆ ತಂದು ಬೇಸ್‌ಮೆಂಟಿನಲ್ಲಿ ಇಟ್ಟಿದ್ದೇನೆ. ತೊಲೆಗೆ ಬಡಗಿ ಸಿಕ್ಕಿದ ಕೂಡಲೇ ಶುರು.