ಫೈವ್ ಸ್ಟಾರ್ ಊಟಕ್ಕೆ ಹೊರಟಿದ್ದೀರಾ? ಬಾಯಿಬಿಟ್ಟು ಕೇಳಿ

ಅಪ್ಪ-ಅಮ್ಮನ ಮದುವೆಗೆ ಐವತ್ತು ವರ್ಷ ತುಂಬಿತು, ಮಗಳಿಗೆ ಮೊದಲ ಸಂಬಳ ಬಂತು, ಹೀಗೆ ಯಾವುದಾದರೂ ನೆಪಕ್ಕೆ ಬೆಂಗಳೂರಿನ ದೊಡ್ಡ ಹೋಟೆಲ್ಲಿನಲ್ಲಿ ಒಂದು ಊಟ ಮಾಡೋಣ ಅಂತ ಲೆಕ್ಕ ಹಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕುಂದಾಪುರದ ಕಡೆಯವ. ಬೆಂಗಳೂರಿನ ಒಂದು ಫೈವ್ ಸ್ಟಾರ್ ಹೋಟೆಲ್ಲಿಗೆ ಸ್ಟೂವರ್ಡ್, ಅಂದರೆ ಬಡಿಸುವವ ಆಗಿ ಸೇರಿ, ಅಲ್ಲೇ ಬಡಿಸುವವರ ಮೇಲ್ವಿಚಾರಣೆಯ ಕ್ಯಾಪ್ಟನ್ ಆದವ. ನಮ್ಮ ಜನ ಬಂದು ಕೂತು, ಕೇಳಬೇಕಾದ್ದನ್ನು ಕೇಳದೆ, ಮೆನುವಿನಲ್ಲಿ ಮೊದಲು ಕಂಡ ಪನೀರನ್ನೇ ಹೇಳಿ, ಅರ್ಧ ಬಿಟ್ಟು ಎದ್ದು ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು. ನೀವು ಕೊಡುವ ಬಿಲ್ಲಿನಲ್ಲಿ ನಿಮಗೆ ಬೇಕಾದ ಹಾಗೆ ಅಡುಗೆ ಮಾಡಿಸಿಕೊಳ್ಳುವ ಹಕ್ಕೂ ಸೇರಿದೆ. ಅದನ್ನು ಬಿಟ್ಟುಕೊಡಬೇಡಿ.

ಮೊದಲು ಎಲ್ಲಿಗೆ ಅನ್ನುವುದು. ಒಂದೊಂದು ಹೋಟೆಲ್ಲಿನ ಒಳಗೂ ಮೂರು ನಾಲ್ಕು ರೆಸ್ಟೋರೆಂಟ್ ಇರುತ್ತವೆ, ಒಂದಕ್ಕೊಂದು ಸಂಬಂಧ ಇರುವುದಿಲ್ಲ. ಹಾಗಾಗಿ ಹೋಟೆಲ್ಲಿನ ಹೆಸರು ನೋಡಿ ಹೊರಡಬೇಡಿ, ರೆಸ್ಟೋರೆಂಟಿನ ಹೆಸರು ನೋಡಿ. ಎಂ.ಜಿ. ರಸ್ತೆಯ ಒಬೆರಾಯ್‌ನಲ್ಲಿ ರಿಮ್ ನಾಮ್ ಇದೆ, ಥಾಯ್ ಅಡುಗೆ. ರೇಸ್‌ಕೋರ್ಸ್ ರಸ್ತೆಯ ತಾಜ್ ವೆಸ್ಟ್ ಎಂಡ್ 1887ರಿಂದ ಇರುವ ಜಾಗ, ಅಲ್ಲಿನ ತೋಟಕ್ಕಾಗಿಯೇ ಒಮ್ಮೆ ಹೋಗಬಹುದು. ಆದರೆ ಅಲ್ಲಿನ ಬ್ಲೂ ಜಿಂಜರ್ ವಿಯೆಟ್ನಾಂ ಅಡುಗೆಯದು, ಅನ್ನ-ಸಾರು ಬಿಟ್ಟು ಬೇರೆ ಮುಟ್ಟದ ಹಿರಿಯರನ್ನು ಅಲ್ಲಿಗೆ ಕರೆದೊಯ್ದರೆ ಪಾಪ ಅವರಿಗೆ ಕಷ್ಟ. ಹಿರಿಯರ ಜೊತೆ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಎರಡೇ ಜಾಗ: ದಕ್ಷಿಣ ಭಾರತದ ಅಡುಗೆ ಮಾಡುವ ಐಟಿಸಿ ವಿಂಡ್ಸರ್‌ನ ದಕ್ಷಿಣ್, ಇಲ್ಲವೇ ರೆಸಿಡೆನ್ಸಿ ರಸ್ತೆಯ ಕರಾವಳಿ. ಕರಾವಳಿ 1990ರಲ್ಲಿ ಶುರುವಾದದ್ದು. ಮಂಗಳೂರು, ಕೊಡಗು, ಗೋವಾ, ಕೇರಳದ ಮನೆ ಅಡುಗೆಯನ್ನು ಸ್ಟಾರ್ ಹೋಟೆಲ್ಲಿನ ಟೇಬಲ್ಲಿಗೆ ಮರ್ಯಾದೆಯಿಂದ ತಂದ ಜಾಗ ಅದು. ಕೊಡಗಿನವರೇ ಆದ ಶೆಫ್ ನರೇನ್ ತಿಮ್ಮಯ್ಯ ಅದನ್ನು ಬೆಳೆಸಿದ ರೀತಿಯ ಬಗ್ಗೆ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೌರವ ಇದೆ.

ಜಾಗ ಗೊತ್ತಾದ ಮೇಲೆ ಫೋನ್ ಮಾಡಿ. ಆ್ಯಪಿನಲ್ಲೇ ಟೇಬಲ್ ಬುಕ್ ಮಾಡಬಹುದು, ಕೆಲವು ಸಲ ರಿಯಾಯಿತಿಯೂ ಸಿಗುತ್ತದೆ. ಆದರೂ ಒಂದು ಫೋನ್ ಮಾಡಿ ಇಷ್ಟು ಹೇಳಿಬಿಡಿ: ಎಷ್ಟು ಜನ, ಅದರಲ್ಲಿ ಎಷ್ಟು ಸಸ್ಯಾಹಾರಿಗಳು, ಈರುಳ್ಳಿ-ಬೆಳ್ಳುಳ್ಳಿ ತಿನ್ನದವರು ಇದ್ದಾರಾ, ಯಾರಿಗಾದರೂ ಕಡಲೆಕಾಯಿ ಅಥವಾ ಸಿಗಡಿಯ ಅಲರ್ಜಿ ಇದೆಯಾ, ಮಂಡಿ ನೋವಿನವರು ಇದ್ದಾರಾ, ಏನು ವಿಶೇಷ. ಇದೆಲ್ಲ ಆ ದಿನ ಕೆಲಸ ಶುರುವಾಗುವ ಮೊದಲಿನ ಬ್ರೀಫಿಂಗಿನಲ್ಲಿ ನಮ್ಮ ಕಿವಿಗೆ ಬೀಳುತ್ತದೆ. ಮೆಟ್ಟಿಲು ಇಲ್ಲದ ಕಡೆ ಟೇಬಲ್ ಹಾಕುತ್ತೇವೆ, ಬೆಳ್ಳುಳ್ಳಿ ಹಾಕದ ಗ್ರೇವಿಯನ್ನು ಅಡುಗೆಮನೆಯವರು ಮೊದಲೇ ಬೇರೆ ತೆಗೆದಿಡುತ್ತಾರೆ. ಶನಿವಾರ ರಾತ್ರಿ ಒಂಬತ್ತಕ್ಕೆ ಬಂದು ಕೂತ ಮೇಲೆ ಹೇಳಿದರೆ ಅದೇ ಕೆಲಸಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ.

ಖರ್ಚಿನ ಬಗ್ಗೆ ಯೋಚನೆ ಇದ್ದರೆ ವಾರದ ದಿನ ಮಧ್ಯಾಹ್ನ ಹೋಗಿ. ಸೆಟ್ ಲಂಚ್ ಅಥವಾ ಬಿಸಿನೆಸ್ ಲಂಚ್, ಅಂದರೆ ನಿಗದಿತ ಬೆಲೆಯ ಮಧ್ಯಾಹ್ನದ ಊಟ ಇರುವ ಕಡೆ ಅದೇ ಶೆಫ್ ಕೈ ಅಡುಗೆ ರಾತ್ರಿಗಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಗದ್ದಲವೂ ಇರುವುದಿಲ್ಲ, ನಮಗೂ ನಿಮ್ಮ ಹತ್ತಿರ ನಿಂತು ಮಾತಾಡಲು ಪುರುಸೊತ್ತು ಇರುತ್ತದೆ.

ಬಟ್ಟೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಚಡ್ಡಿ, ಹವಾಯಿ ಚಪ್ಪಲಿ ಬೇಡ, ಅಷ್ಟೇ. ಒಗೆದು ಇಸ್ತ್ರಿ ಮಾಡಿದ ಪಂಚೆ-ಶರ್ಟಿನಲ್ಲಿ ಬರುವ ಯಜಮಾನರಷ್ಟು ಚೆಂದ ಯಾವ ಸೂಟಿನವರೂ ಕಾಣುವುದಿಲ್ಲ. ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್, ಬ್ಯಾಗಿನ ತಪಾಸಣೆ ಎಲ್ಲರಿಗೂ ಒಂದೇ.

ಕೂತ ತಕ್ಷಣ ಬರುವ ಮೊದಲ ಪ್ರಶ್ನೆ ನೀರಿನದು. ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?’ ಅಂತ ಕೇಳುತ್ತಾರೆ, ಅಂದರೆ ಸಾದಾ ನೀರೋ, ಗ್ಯಾಸ್ ತುಂಬಿದ ನೀರೋ ಅಂತ. ಎರಡೂ ದುಡ್ಡಿನ ಬಾಟಲಿಗಳೇ. ಹೋಟೆಲ್ಲಿನಲ್ಲಿ ಕೂರಿಸಿ ಬಡಿಸುವ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ, ಹಾಗಾಗಿ ಆಮೇಲೆ ಜಗಳ ಮಾಡಿ ಪ್ರಯೋಜನ ಇಲ್ಲ. ‘ರೆಗ್ಯುಲರ್ ವಾಟರ್ ಕೊಡಿ’ ಅನ್ನಿ. ಫಿಲ್ಟರ್ ನೀರು ತಂದಿಡುತ್ತಾರೆ, ಅದಕ್ಕೆ ಕಾಸಿಲ್ಲ. ಹೀಗೆ ಕೇಳಿದವರನ್ನು ನಾವು ಯಾವತ್ತೂ ಕೀಳಾಗಿ ನೋಡಿಲ್ಲ.

ಇನ್ನು ಆರ್ಡರ್. ಎಲ್ಲ ಇರುವುದು ಇಲ್ಲೇ. ಮೆನು ಕೈಗೆ ಬಂದ ಮೇಲೆ ಐದು ನಿಮಿಷ ಕೇಳಿ ತೆಗೆದುಕೊಳ್ಳಿ. ಸ್ಟೂವರ್ಡ್ ಬದಲು ಕ್ಯಾಪ್ಟನ್ನನ್ನು ಕರೆಯಿರಿ, ಕನ್ನಡದಲ್ಲೇ ಮಾತಾಡಿ. ಕನ್ನಡ ಬಾರದವರು ಎದುರಿಗಿದ್ದರೆ ಬರುವವರನ್ನು ಕಳಿಸುತ್ತಾರೆ. ಯಾವ ರೆಸ್ಟೋರೆಂಟಿನಲ್ಲೂ ನಮ್ಮ ಕಡೆಯ ಹುಡುಗರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಮೂರು ಪ್ರಶ್ನೆ ಹಾಕಿ. ಇವತ್ತು ನಿಮ್ಮ ಅಡುಗೆಮನೆಯಲ್ಲಿ ಯಾವುದು ಚೆನ್ನಾಗಿ ಬಂದಿದೆ? ಒಂದು ಪೋರ್ಷನ್ ಎಷ್ಟು ಜನಕ್ಕೆ ಸಾಕು? ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಒಂದು ಬಟ್ಟಲು ದಾಲ್ ಮೂವರಿಗೆ ಸಾಕಾಗುತ್ತದೆ, ಮೂವರೇ ಬಂದು ಎರಡು ಹೇಳುತ್ತಾರೆ. ದಮ್ ಬಿರಿಯಾನಿಗೆ ಮೊದಲೇ ಹೇಳದಿದ್ದರೆ ಸ್ಟಾರ್ಟರ್ ಮುಗಿಸಿ ಸುಮ್ಮನೆ ಕೂತಿರಬೇಕಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಹೇಳಿದರೂ ‘ಮೇನ್ ಕೋರ್ಸ್ ಹೋಲ್ಡ್ ಮಾಡಿ, ನಾನು ಹೇಳಿದ ಮೇಲೆ ತನ್ನಿ’ ಅನ್ನುವುದನ್ನು ಮರೆಯಬೇಡಿ. ನಾವು ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯಲ್ಲಿ (ಕೆಒಟಿ) ಹಾಗೆಯೇ ಬರೆಸುತ್ತೇವೆ, ನೀವು ಸನ್ನೆ ಮಾಡಿದ ಮೇಲೆಯೇ ಒಲೆಯ ಮೇಲೆ ಬಾಣಲೆ ಏರುತ್ತದೆ. ಬಿಸಿ ಬಿಸಿ ಊಟ ಸಿಗುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಮೆನುವಿನಲ್ಲಿ ಇಲ್ಲದ್ದನ್ನೂ ಕೇಳಬಹುದು. ಒಂದು ರಾತ್ರಿ ಹಾಸನದ ಕಡೆಯ ಕುಟುಂಬವೊಂದು ಬಂದಿತ್ತು. ಮೊಮ್ಮಕ್ಕಳೆಲ್ಲ ಕಬಾಬು, ನಾನ್ ರೊಟ್ಟಿ ಅಂತ ಖುಷಿಯಾಗಿದ್ದರು. ಅಜ್ಜಿ ಮಾತ್ರ ರೊಟ್ಟಿಯ ಚೂರನ್ನು ಮುರಿದು ಮುರಿದು ತಟ್ಟೆಯ ಅಂಚಿಗೆ ಸೇರಿಸುತ್ತಿದ್ದರು. ಪಕ್ಕದಲ್ಲಿ ಬಗ್ಗಿ, ‘ಅಮ್ಮಾ, ಮೊಸರನ್ನ ಮಾಡಿಸ್ಲಾ? ಒಗ್ಗರಣೆ ಹಾಕಿಸ್ತೀನಿ’ ಅಂದೆ. ‘ಇಲ್ಲೆಲ್ಲ ಅದು ಸಿಗುತ್ತೇನಪ್ಪಾ?’ ಅಂದರು. ಹತ್ತು ನಿಮಿಷದಲ್ಲಿ ಬಂತು. ಮೆತ್ತಗೆ ಬೆಂದ ಅನ್ನ, ಸಾಸಿವೆ, ಕರಿಬೇವು, ಶುಂಠಿ, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ. ಬಟ್ಟಲು ಖಾಲಿಯಾಗುವವರೆಗೂ ಅಜ್ಜಿ ತಲೆ ಎತ್ತಲಿಲ್ಲ. ಅನ್ನ, ಮೊಸರು, ಒಗ್ಗರಣೆ ಯಾವ ದೊಡ್ಡ ಅಡುಗೆಮನೆಯಲ್ಲೂ ಇರುತ್ತವೆ. ಮಕ್ಕಳಿಗೆ ಖಾರ ಇಲ್ಲದ ಪಾಸ್ತಾ, ಡಯಾಬಿಟಿಸ್ ಇರುವವರಿಗೆ ಎಣ್ಣೆ ಕಡಿಮೆಯ ಪಲ್ಯ, ಇದೆಲ್ಲ ಅಡುಗೆಮನೆಗೆ ದಿನದ ಕೆಲಸ. ಸಂಕೋಚ ಬೇಡ.

ಮೀನು ತಿನ್ನುವವರು ದರದ ಕಾಲಂ ನೋಡಿ. ‘ಎಪಿಎಸ್’ ಅಂತ ಇದ್ದರೆ ಗಾತ್ರಕ್ಕೆ ತಕ್ಕ ಬೆಲೆ ಎಂದರ್ಥ. ಹಸಿ ಮೀನನ್ನು ತಟ್ಟೆಯಲ್ಲಿ ತರಿಸಿ, ತೂಕ ಕೇಳಿ, ಇದಕ್ಕೆ ಒಟ್ಟು ಎಷ್ಟಾಗುತ್ತದೆ ಅಂತ ಬಾಯಿಬಿಟ್ಟು ಹೇಳಿಸಿಕೊಂಡ ಮೇಲೆಯೇ ಒಪ್ಪಿಕೊಳ್ಳಿ. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಒತ್ತಿದರೆ ಮಾಂಸ ಗುಳಿ ಬೀಳಬಾರದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ಮೆನುವಿನಲ್ಲಿ ಕಾಣೆ ಮೀನು, ಅಂಜಲ್ ಮೀನು ಇದ್ದರೆ ಎಲ್ಲಿಂದ ಬಂತು, ಫ್ರೋಜನ್ನಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ಕೋರಿ ಗಸ್ಸಿಯೋ (ಕೋಳಿ ಸಾರು) ಪಂದಿ ಕರಿಯೋ (ಹಂದಿ ಮಾಂಸದ ಅಡುಗೆ) ತೆಗೆದುಕೊಳ್ಳಿ. ಕಡಲ ಬದಿಯಲ್ಲಿ ಬೆಳೆದವನಾಗಿ ಇದನ್ನು ಒತ್ತಿ ಹೇಳುತ್ತೇನೆ.

ಚಮಚ-ಫೋರ್ಕಿನ ಭಯ ಬಿಡಿ. ಕೈಯಲ್ಲಿ ತಿನ್ನುವ ಊಟವನ್ನು ಕೈಯಲ್ಲೇ ತಿನ್ನಿ. ದೆಹಲಿಯ ಐಟಿಸಿ ಮೌರ್ಯದ ಬುಖಾರಾದಲ್ಲಿ ವಿದೇಶಿ ಅತಿಥಿಗಳಿಗೂ ಏಪ್ರನ್ ಕಟ್ಟಿ ಕೈಯಲ್ಲೇ ತಿನ್ನಿಸುವುದು ಪದ್ಧತಿ. ಕಾಂಟಿನೆಂಟಲ್ ಊಟದಲ್ಲಿ ಫೋರ್ಕು-ಚಾಕು ಸಾಲಾಗಿ ಇಟ್ಟಿದ್ದರೆ ಹೊರಗಿನಿಂದ ಒಳಕ್ಕೆ ಬಳಸುತ್ತಾ ಹೋಗಿ. ನೆನಪಿಡಬೇಕಾದ ಸಂಗತಿ ಒಂದೇ: ಎರಡನ್ನೂ ಜೋಡಿಸಿ ತಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟರೆ ನಿಮ್ಮದು ಮುಗಿಯಿತು ಅಂತ ತಿಳಿದು ನಾವು ತಟ್ಟೆ ಎತ್ತುತ್ತೇವೆ. ಇನ್ನೂ ತಿನ್ನುವುದಿದ್ದರೆ ಬೇರೆ ಬೇರೆಯಾಗಿ, ಅಡ್ಡ ಇಡಿ.

ಭಾನುವಾರದ ಬ್ರಂಚ್‌ಗೆ, ಅಂದರೆ ತಿಂಡಿ-ಊಟ ಸೇರಿದ ಬಫೆಗೆ ಹೋಗುವವರು ತಟ್ಟೆ ಹಿಡಿಯುವ ಮೊದಲು ಖಾಲಿ ಕೈಯಲ್ಲಿ ಒಂದು ಸುತ್ತು ಬನ್ನಿ. ಬ್ರೆಡ್ಡು, ಸಲಾಡುಗಳಲ್ಲೇ ಹೊಟ್ಟೆ ತುಂಬಿಸಿಕೊಳ್ಳದೆ ಕಣ್ಣೆದುರೇ ಮಾಡಿಕೊಡುವ ಲೈವ್ ಕೌಂಟರಿಗೆ ಹೋಗಿ. ಮದ್ಯ ಸೇರಿದ ದರ, ಸೇರದ ದರ ಬೇರೆ ಬೇರೆ ಇರುತ್ತವೆ, ಯಾವುದು ನಿಮ್ಮದು ಅಂತ ಕೂರುವಾಗಲೇ ಹೇಳಿ. ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಅರ್ಧ ದರ ಅನ್ನುವುದನ್ನೂ ಆಗಲೇ ಕೇಳಿ.

ಬಿಲ್ ಬಂದಾಗ ನಿಧಾನವಾಗಿ ಓದಿ, ಅದರಲ್ಲಿ ನಾಚಿಕೆ ಏನಿಲ್ಲ. ಹಿಂದಿನ ಹಣಕಾಸು ವರ್ಷದಲ್ಲಿ ಯಾವುದಾದರೂ ಒಂದು ರೂಮನ್ನು ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿಗೆ ಕೊಟ್ಟ ಹೋಟೆಲ್ಲಿನ ಒಳಗಿನ ರೆಸ್ಟೋರೆಂಟುಗಳಲ್ಲಿ ಊಟಕ್ಕೆ ಶೇ. 18 ಜಿಎಸ್‌ಟಿ; ಬೀದಿಯ ಮಾಮೂಲಿ ರೆಸ್ಟೋರೆಂಟಿನಲ್ಲಿ ಶೇ. 5. ಮೆನುವಿನ ಬೆಲೆಗಳಲ್ಲಿ ಈ ತೆರಿಗೆ ಸಾಮಾನ್ಯವಾಗಿ ಸೇರಿರುವುದಿಲ್ಲ. 6,000 ರೂಪಾಯಿಯ ಊಟಕ್ಕೆ 7,080 ಆಗುತ್ತದೆ ಅಂತ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೊರಡಿ. ಸರ್ವಿಸ್ ಚಾರ್ಜ್ ಬೇರೆ ವಿಷಯ, ಅದು ತೆರಿಗೆ ಅಲ್ಲ, ಬಡಿಸಿದ್ದಕ್ಕೆ ಅಂತ ಹೋಟೆಲ್ಲಿನವರು ಹಾಕುವ ದುಡ್ಡು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ 6,000ದ ಮೇಲೆ ಶೇ. 10 ಸರ್ವಿಸ್ ಚಾರ್ಜ್ ಹಾಕಿ, ಅದಕ್ಕೂ ಜಿಎಸ್‌ಟಿ ಸೇರಿಸಿದರೆ 7,788 ಆಗುತ್ತದೆ. ‘ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ’ ಅಂತ ಮೆಲ್ಲಗೆ ಹೇಳಿ, ಸಾಕು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಟಿಪ್ಸ್ ನಿಮ್ಮ ಇಷ್ಟ. ಕೊಡುವ ಮನಸ್ಸಿದ್ದರೆ ನಗದಾಗಿ, ಬಡಿಸಿದವರ ಕೈಗೆ ಕೊಡಿ. ಇನ್ನೂ ಒಂದು ಕೆಲಸ ಮಾಡಿದರೆ ಆ ಹುಡುಗರಿಗೆ ದುಡ್ಡಿಗಿಂತ ಹೆಚ್ಚು ಉಪಕಾರ: ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಹೆಸರು ನೋಡಿಕೊಂಡು ಫೀಡ್‌ಬ್ಯಾಕ್ ಕಾರ್ಡಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಆ ಕಾರ್ಡುಗಳನ್ನು ಮರುದಿನ ಮ್ಯಾನೇಜರ್ ಓದುತ್ತಾರೆ, ಬಡ್ತಿಯ ಸಮಯದಲ್ಲಿ ಅವು ಲೆಕ್ಕಕ್ಕೆ ಬರುತ್ತವೆ. ನಾನು ಕ್ಯಾಪ್ಟನ್ ಆದದ್ದರಲ್ಲಿ ಅಂಥ ಕಾರ್ಡುಗಳ ಪಾಲು ದೊಡ್ಡದು.

ಉಳಿದದ್ದನ್ನು ಕಟ್ಟಿಸಿಕೊಳ್ಳಿ, ಬಫೆ ಬಿಟ್ಟು ಉಳಿದ ಕಡೆ ಕೇಳಿದರೆ ಕಟ್ಟಿಕೊಡುತ್ತಾರೆ. ಕಾರು ಪಾರ್ಕ್ ಮಾಡಿಕೊಡುವ ವ್ಯಾಲೆಗೆ ಕಾರು ಕೊಟ್ಟಿದ್ದರೆ ಬಿಲ್ ಕೇಳುವಾಗಲೇ ಆ ಚೀಟಿಯನ್ನೂ ಸ್ಟೂವರ್ಡ್ ಕೈಗೆ ಕೊಟ್ಟುಬಿಡಿ. ಕಾರ್ಡು ಉಜ್ಜಿ, ಅಜ್ಜ-ಅಜ್ಜಿಯರನ್ನು ಎಬ್ಬಿಸಿಕೊಂಡು ನೀವು ಪೋರ್ಟಿಕೋಗೆ ಬರುವ ಹೊತ್ತಿಗೆ ಗಾಡಿ ಬಂದು ನಿಂತಿರುತ್ತದೆ.